ಹಸಿರು ಗುಡ್ಡಕ್ಕೆ ಅವ್ವನ ಚರಗ

ನಿಮ್ಮನ್ನು ಯಾರಾದರೂ ಅರ್ಧ ಗುಡ್ಡದಿಂದ ವಾಪಸ್ ಕಳಿಸಿದ್ದಾರೆಯೇ? ನಮ್ಮನ್ನು ಕಳಿಸುವುದರಲ್ಲಿದ್ದರು. ಕಾರಣ, ಒಂದು ತುತ್ತು ರೊಟ್ಟಿ.

ಗುಳೇದಗುಡ್ಡದ ಮನೆಯಲ್ಲಿ ಕುಪ್ಪಸದ ಖಣ ನೇಯುತ್ತಲೇ ವಯಸ್ಸಾದ ನಮ್ಮವ್ವನಿಗೆ ಒಂದೇ ಆಸೆ. “ನಮ್ಮ ಗುಡ್ಡ ಎಲ್ಲಾ ಕೆಂಪು ಕಲ್ಲು. ನೆತ್ತಿತನಕ ಹಸರಿರೋ ಗುಡ್ಡ ಒಮ್ಮೆ ತೋರಿಸೋ ತಮ್ಮಾ.”

ಹೋದ ವಾರ ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಕರೆದೊಯ್ದೆ. ಗೇಟಿನಲ್ಲಿ ನಿಯಮಗಳ ಫಾರಂ ಕೊಟ್ಟರು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲಿಗ ನಾನು. ಫಾರಂ ತುಂಬುವುದು ನನ್ನದೇ ಕೆಲಸ. (ಹೆಸರಿನ ಮುಂದೆ ಬಿ.ಎ. ಅಂತಲೂ ಬರೆದೆ. ಜಾಗ ಇತ್ತು!) ಅವ್ವ ಹೆಬ್ಬೆಟ್ಟು ಒತ್ತಿದಳು. ನಮ್ಮ ಪ್ರತಿ ನನ್ನ ಕಿಸೆಗೆ ಹೋಯಿತು. ಓದಿ ಹೇಳಿದೆನೇ? ಇಲ್ಲ. ಅವಸರ.

ಅರ್ಧ ದಾರಿಯ ಹಳ್ಳದ ಪಕ್ಕ ಬುತ್ತಿ ಬಿಚ್ಚಿದೆವು. ಬಯಲಲ್ಲಿ ಉಣ್ಣಲು ಕೂತರೆ ಮೊದಲ ತುತ್ತು ಭೂಮಿಗೆ ಚೆಲ್ಲುವುದು ಅವ್ವನ ರೂಢಿ. ಅದೇ ಚರಗ. ರೊಟ್ಟಿ, ಶೇಂಗಾ ಚಟ್ನಿ ಹುಲ್ಲಿನ ಮೇಲೆ ಬಿದ್ದವು.

“ಅಮ್ಮಾ, ಏನು ಎಸೆದ್ರಿ?” ಜೊತೆಗಿದ್ದ ಗೈಡ್ ಕೂಗಿದ.

“ಒಗೀಲಿಲ್ಲೋ ಯಪ್ಪಾ. ಭೂಮಿತಾಯಿಗೆ ಉಣಿಸಿದೆ.”

“ಇಲ್ಲಿ ಭೂಮಿತಾಯಿಗೆ ಹೊರಗಿನ ಊಟ ಕೊಡೋ ಹಾಗಿಲ್ಲ. ಫಾರಂನಲ್ಲಿ ಮೊದಲನೇ ಸಾಲೇ ಅದು. ನಡೀರಿ, ವಾಪಸ್.”

ಅವ್ವ ಮಂಜು ಕವಿದ ನೆತ್ತಿ ನೋಡಿದಳು. ಆಮೇಲೆ ನನ್ನನ್ನು. ನಾನು ಶೂ ಲೇಸ್ ಕಟ್ಟತೊಡಗಿದೆ. (ಅದು ಬಿಚ್ಚಿರಲಿಲ್ಲ.)

ಅವ್ವ ಕುಕ್ಕರುಗಾಲಿನಲ್ಲಿ ಕೂತಳು. ಮಗ್ಗದ ಮೇಲೆ ಸಾವಿರ ಎಳೆಗಳ ನಡುವೆ ಹರಿದ ಒಂದು ಎಳೆ ಹುಡುಕುವ ಕಣ್ಣು ಅದು. ರೊಟ್ಟಿಯ ಚೂರು, ಚಟ್ನಿಯ ಕಾಳು, ಎಲ್ಲ ಹೆಕ್ಕಿ ಇಳಕಲ್ ಸೀರೆಯ ಸೆರಗಿಗೆ ಹಾಕಿಕೊಂಡಳು. ಕೊನೆಗೆ ಹುಲ್ಲಿನ ಬುಡದಿಂದ ಒಂದು ಚಾಕೊಲೇಟ್ ಕವರ್ ಎಳೆದು ಗೈಡ್ ಮುಂದೆ ಹಿಡಿದಳು.

“ಇದು ನಮ್ದಲ್ಲಪಾ ಮತ್ತ!”

ಗೈಡ್ ನಕ್ಕುಬಿಟ್ಟ. “ನಡೀರಿ ಅಮ್ಮ. ಮೇಲಕ್ಕೇ.”

ನೆತ್ತಿಯಲ್ಲಿ ಮಂಜು ಸರಿಯಿತು. ಗುಡ್ಡದ ಹಿಂದೆ ಗುಡ್ಡ, ಸಂದುಗಳಲ್ಲಿ ಒತ್ತೊತ್ತಾದ ಕಾಡು.

“ಎಷ್ಟು ನಮೂನಿ ಹಸರೋ ತಮ್ಮಾ! ಇಷ್ಟು ಬಣ್ಣದ ನೂಲು ಯಾವ ಅಂಗಡ್ಯಾಗ ಸಿಗ್ತಾವ?” ಅವ್ವನ ಕಣ್ಣು ತುಂಬಿತ್ತು. ಮರುಕ್ಷಣವೇ ನನ್ನತ್ತ ತಿರುಗಿದಳು. “ಆ ಕಾಗದ ಕಿಸೇದಾಗ ಐತೇನು? ಈಗರೆ ಓದು. ಇನ್ನೂ ಏನೇನ್ ಮಾಡಬಾರ್ದಂತ?”

ಗೈಡ್ ಮುಂದೆ, ಗಾಳಿಯಲ್ಲಿ, ಸಾಲಿ ಹುಡುಗನಂತೆ ನಿಂತು ಒಂದೊಂದೇ ಸಾಲು ಓದಿದೆ.

ಮನೆಗೊಬ್ಬ ಓದಿದರೆ ಸಾಕೇ, ಓದಿ ಹೇಳಬೇಡವೇ?