ಹುಡುಗಿಯ ಭಾಗದಲ್ಲಿ ಒಂದು ಸಾಲು ಕಡಿಮೆ

ಇಳಕಲ್ಲಿನಲ್ಲಿ ಕಂಪ್ಯೂಟರಿನಿಂದ ಜಾತಕ ಕೂಡಿಸಿದ ಮೊದಲ ಹೆಣ್ಣುಮಗಳು ನಾನು. ಹಾಗಂತ ನಮ್ಮ ಕಾಕಾ ಊರಿಗೆಲ್ಲ ಸಾರಿದ್ದ. ಎರಡನೆಯವಳು ಇರಲೇ ಇಲ್ಲವಾದ್ದರಿಂದ ಯಾರೂ ತಕರಾರು ಮಾಡಲಿಲ್ಲ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಹುಬ್ಬಳ್ಳಿಯಲ್ಲಿ ಆರು ತಿಂಗಳ ಕೋರ್ಸು ಮುಗಿಸಿ ಬಂದಿದ್ದೆ. ಕಾಕಾ ತನ್ನ ಝೆರಾಕ್ಸ್ ಅಂಗಡಿಗೆ ಒಂದು ಕಂಪ್ಯೂಟರ್ ತಂದು, ಅದಕ್ಕೆ ಕಾಕೂನ ಹಳೆಯ ಸೀರೆ ಹೊದಿಸಿ, ಒಳಗೆ ಬರುವವರೆಲ್ಲ ಚಪ್ಪಲಿ ಹೊರಗೆ ಬಿಡಬೇಕೆಂದು ಕಟ್ಟಪ್ಪಣೆ ಮಾಡಿದ್ದ.

ಪ್ರೋಗ್ರಾಂ ಬರೆದವಳೂ ನಾನೇ. ಹುಟ್ಟಿದ ದಿನ, ವೇಳೆ ಕೊಟ್ಟರೆ ಅದು ಮೊದಲು ಹುಡುಗನ ನಕ್ಷತ್ರ ಹುಡುಕುತ್ತಿತ್ತು, ಆಮೇಲೆ ಹುಡುಗಿಯದು, ಕೊನೆಗೆ ಮೂವತ್ತಾರರಲ್ಲಿ ಎಷ್ಟು ಗುಣ ಕೂಡಿದವು ಎಂದು ಕರಕರ ಸದ್ದು ಮಾಡುತ್ತ ಕಾಗದದ ಮೇಲೆ ಅಚ್ಚು ಹಾಕುತ್ತಿತ್ತು. ಹುಡುಗನ ಭಾಗ ಬರೆಯಲು ಒಂದು ತಿಂಗಳು ಹಿಡಿಯಿತು. ಹುಡುಗಿಯ ಭಾಗಕ್ಕೆ ಐದು ನಿಮಿಷ. ಹುಡುಗನದನ್ನೇ ಇದ್ದದ್ದು ಇದ್ದ ಹಾಗೆ ನಕಲು ಮಾಡಿ, ವರ ಎಂದಿದ್ದಲ್ಲೆಲ್ಲ ವಧು ಎಂದು ತಿದ್ದಿಬಿಟ್ಟೆ. ಎಂಥಾ ಜಾಣೆ ನಾನು ಅನ್ನಿಸಿತ್ತು.

ಸ್ವಲ್ಪ ದಿನಕ್ಕೇ ಒಬ್ಬ ಹುಡುಗನ ಅಪ್ಪ, ಜೋಯಿಸರು ಬರೆದ ಕುಂಡಲಿ ಹಿಡಿದುಕೊಂಡು ಜಗಳಕ್ಕೆ ಬಂದ. ನಮ್ಮ ಜನಕ್ಕೆ ದಿನ ಬದಲಾಗುವುದು ಸೂರ್ಯ ಹುಟ್ಟಿದ ಮೇಲೆ. ಮಂಗಳವಾರ ನಸುಕಿನ ಮೂರಕ್ಕೆ ಹುಟ್ಟಿದ ಕೂಸನ್ನು ‘ಸೋಮವಾರ ರಾತ್ರಿ ಮೂರಕ್ಕೆ’ ಎಂದೇ ಬರೆಸುತ್ತಾರೆ. ಕಂಪ್ಯೂಟರಿಗೆ ಈ ರೀತಿ ರಿವಾಜು ಏನು ಗೊತ್ತು? ಅದು ಸೋಮವಾರದ ನಸುಕನ್ನೇ ಹಿಡಿದು ಇಡೀ ಒಂದು ದಿನ ಹಿಂದಿನ ನಕ್ಷತ್ರ ಕೊಟ್ಟಿತ್ತು. ರಾತ್ರಿ ಹನ್ನೆರಡು ದಾಟಿದ್ದರೆ ಒಂದು ದಿನ ಕೂಡಿಸು ಎಂಬ ಸಾಲನ್ನು ಹುಡುಗನ ಭಾಗದಲ್ಲಿ ಸೇರಿಸಿ ಉಳಿಸಿಟ್ಟೆ. ಹುಡುಗಿಯ ಭಾಗಕ್ಕೆ ಕೈ ಹಾಕುವಷ್ಟರಲ್ಲಿ ಕರೆಂಟ್ ಹೋಯಿತು. ಕರೆಂಟ್ ಬಂದಾಗ ನಾನು ಊಟಕ್ಕೆ ಹೋಗಿದ್ದೆ. ಮರೆತೇಬಿಟ್ಟೆ.

ಮೂರು ತಿಂಗಳ ಮೇಲೆ ಹುನಗುಂದದಿಂದ ಒಬ್ಬ ಸಾಲಿ ಅಕ್ಕೋರು ಬಂದರು. ಕನ್ನಡ ಶಾಲೆಯ ಶಿಕ್ಷಕಿ, ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಅಮೀನಗಡದ ಕರದಂಟಿನ ಅಂಗಡಿಯ ಹುಡುಗ ಅವರನ್ನು ನೋಡಿ ಒಪ್ಪಿದ್ದ. ಅವರಿಗೂ ಅವನು ಮನಸ್ಸಿಗೆ ಬಂದಿದ್ದ. ನಮ್ಮ ಕಾಗದದಲ್ಲಿ ಹನ್ನೊಂದೇ ಗುಣ ಬಂದವೆಂದು ಹುಡುಗನ ತಾಯಿ ಸಂಬಂಧ ಮುರಿದಿದ್ದಳು. ಅಕ್ಕೋರು ಮೇಜಿನ ಮೇಲೆ ಎರಡು ಕಾಗದ ಇಟ್ಟರು. ಒಂದು ಅವರದು, ಅಶ್ವಿನಿ ನಕ್ಷತ್ರ. ಇನ್ನೊಂದು ಅವರ ಅವಳಿ ಅಣ್ಣನದು, ಅದರ ಮುಂದಿನ ಭರಣಿ. ಎರಡೂ ನಮ್ಮ ಅಂಗಡಿಯವೇ, ಎರಡರಲ್ಲೂ ರಾತ್ರಿ ಎರಡರ ಮೇಲಿನ ವೇಳೆ, ಹತ್ತೇ ನಿಮಿಷದ ಅಂತರ. ಕಾಕಾ ಸೋಲುವ ಗಿರಾಕಿ ಅಲ್ಲ. ಇಬ್ಬರ ನಡುವಿನ ಹತ್ತು ನಿಮಿಷದಲ್ಲಿ ನಕ್ಷತ್ರ ಬದಲಾಗಿರಬಹುದು, ಚಂದ್ರ ಯಾರಿಗೂ ಕಾಯುವುದಿಲ್ಲ ಎಂದ.

“ಅಂವ ಮೊದಲ ಹುಟ್ಯಾನ್ರಿ, ನಾ ಹಿಂದಿಂದ,” ಎಂದರು ಅಕ್ಕೋರು. “ಹತ್ತು ನಿಮಿಷದಾಗ ಚಂದ್ರ ಹಿಂದಕ್ಕ ನಡದನೇನು?”

ಕಾಕಾ ಝೆರಾಕ್ಸ್ ಯಂತ್ರದ ಹಿಂದೆ ಮಾಯವಾದ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ನಾನು ಅವರ ಮನೆಯ ಗಡಿಯಾರವನ್ನೇ ದೂರಿದೆ. ಅವರು ಕದಲಲಿಲ್ಲ. ನನಗೂ ಸಿಟ್ಟು ಬಂತು. ಪ್ರೋಗ್ರಾಮಿನ ಎರಡೂ ಭಾಗಗಳನ್ನು ಅಚ್ಚು ಹಾಕಿ ನೆಲದ ಮೇಲೆ ಹಾಸಿದೆ. ಅವರು ಹುಡುಗನ ಭಾಗವನ್ನು ಎರಡನೇ ಇಯತ್ತೆಯ ಮಕ್ಕಳಿಗೆ ಶುದ್ಧಲೇಖನ ಹೇಳಿದಂತೆ ಗಟ್ಟಿಯಾಗಿ ಓದಿದರು. ನಾನು ಹುಡುಗಿಯ ಭಾಗದ ಮೇಲೆ ಬೆರಳಿಟ್ಟು ಸಾಲಿಗೆ ಸಾಲು ಗುರುತು ಹಾಕುತ್ತ ಹೋದೆ. ನಲವತ್ತು ಸಾಲು ದಾಟಿದ ಮೇಲೆ ಅವರು ಓದಿದ್ದು ನನ್ನ ಬೆರಳಿನ ಕೆಳಗೆ ಇರಲಿಲ್ಲ. ಮತ್ತೆ ಓದಿಸಿದೆ. ಆಗಲೂ ಇರಲಿಲ್ಲ.

“ಹುಡುಗೂರಿಗೆ ಒಂದ ದಿನ ಕೂಡಿಸೀರಿ, ಹುಡುಗ್ಯಾರಿಗೆ ಬಿಟ್ಟೀರಿ,” ಎಂದರು ಅಕ್ಕೋರು. “ನೀವೂ ಹೆಣ್ಮಗಳ ಅದೀರಿ.”

ನಾಚಿಕೆಯಿಂದ ಭೂಮಿಗೆ ಇಳಿದು ಹೋದೆ. ಆ ಸಾಲು ಸೇರಿಸಿ ಮತ್ತೆ ಕೂಡಿಸಿದಾಗ ಇಪ್ಪತ್ತೆಂಟು ಗುಣ ಬಂದವು.

ಮರುದಿನವೇ ಇಬ್ಬರೂ ಬಸ್ಸು ಹಿಡಿದು ಅಮೀನಗಡಕ್ಕೆ ಹೊರಟೆವು. ದಾರಿಯುದ್ದಕ್ಕೂ ನಾನು ತಪ್ಪೊಪ್ಪಿಗೆಯ ಮಾತು ಜೋಡಿಸಿದೆ, ಅಕ್ಕೋರು ನಾಲ್ಕು ಸಲ ನೆರಿಗೆ ಸರಿಮಾಡಿಕೊಂಡರು. ಅಂಗಡಿಯಲ್ಲಿದ್ದ ಹುಡುಗನ ತಾಯಿ ಅವರನ್ನು ಕಂಡು ಮುಜುಗರಪಟ್ಟು, ಕೂಡ್ರಿಸಿ ನೀರು ಕೊಟ್ಟಳು. ನಾನು ಯಾರೆಂದು ಹೇಳಿದ್ದೇ ತಡ, ಅವಳ ಮುಖ ಅರಳಿತು. ಬೇರೆ ಹುಡುಗಿ ನಿಶ್ಚಯವಾಗಿದ್ದಾಳೆ, ಬರುವ ಸೋಮವಾರ ಲಗ್ನ, ಎಲ್ಲ ನಿಮ್ಮ ಕಂಪ್ಯೂಟರಿನ ಪುಣ್ಯ ಎಂದು ಗಲ್ಲಾಪೆಟ್ಟಿಗೆಯಿಂದ ನಮ್ಮದೇ ಅಂಗಡಿಯ ಕಾಗದ ತೆಗೆದು ಕೈಗಿಟ್ಟಳು. ಮೂವತ್ತೊಂದು ಗುಣ. ಹುಡುಗಿ ಹುಟ್ಟಿದ್ದು ಶುಕ್ರವಾರ ರಾತ್ರಿ ನಾಲ್ಕಕ್ಕೆ.

ಅಯ್ಯೋ ಶಿವನೇ, ಇವಳೂ ನಸುಕಿನವಳೇ. ಆ ಮೂವತ್ತೊಂದೂ ಖೊಟ್ಟಿ. ಸರಿಯಾಗಿ ಕೂಡಿಸಿದರೆ ಎಷ್ಟು ಬಂದೀತೋ ದೇವರೇ ಬಲ್ಲ. ನಾನು ಬಾಯಿ ತೆರೆದೆ. ಅಕ್ಕೋರೂ ಕಾಗದ ಓದಿದ್ದರು. ನನ್ನ ಮುಂಗೈ ಹಿಡಿದ ರಭಸಕ್ಕೆ ಒಂದು ಬಳೆ ಒಡೆಯಿತು.

“ಮೂವತ್ತೊಂದು ಅಂದ್ರ ಭಾಳ ಚಲೋ ಆತ್ರಿ,” ಎಂದರು ಆ ತಾಯಿಗೆ. “ನಾವು ಕರದಂಟು ಒಯ್ಯಾಕ ಬಂದಿದ್ವಿ. ಅರ್ಧ ಕಿಲೋ ಕಟ್ರಿ.”

ಬಸ್ ಸ್ಟ್ಯಾಂಡಿನಲ್ಲಿ ನಾನು ಅವರ ಮೇಲೆ ಹರಿಹಾಯ್ದೆ. ಖರೆ ಹೇಳಿದ್ದರೆ ಅವನು ನಿಮಗೇ ಸಿಗುತ್ತಿದ್ದನಲ್ಲ ಎಂದೆ. ಅವರು ಪೊಟ್ಟಣ ಬಿಚ್ಚಿ ನನಗೊಂದು ತುಂಡು ಕೊಟ್ಟು, ತಾವೊಂದು ಬಾಯಿಗೆ ಹಾಕಿಕೊಂಡು, ಅಗಿಯುತ್ತ ಅಳತೊಡಗಿದರು. ಕರದಂಟು ಬೇಗ ಅಗಿದು ಮುಗಿಯುವಂಥದ್ದಲ್ಲ.

“ನನಗ ಜಗಳಾಡಾಕ ನಿಮ್ಮ ಅಂಗಡಿ ಇತ್ತು,” ಎಂದರು ಕಡೆಗೆ. “ಆಕಿಗೆ ಖರೇನ ಹನ್ನೊಂದು ಬಂದ್ರ, ಆಕಿ ಯಾರ ಕೂಡ ಜಗಳಾಡಬೇಕು?”