ವಾಲ್ವಿಗೆ ಇಟ್ಟ ಕುಂಕುಮ

ಇದನ್ನು ಬರೆಯಬೇಕೆಂದು ಹೋದ ವರ್ಷವೇ ಒಂದು ನೋಟ್‌ಬುಕ್ ತಂದಿಟ್ಟಿದ್ದೆ. ಮೊದಲ ಪುಟದಲ್ಲಿ ತಾರೀಖು ಹಾಕಿ ಮುಚ್ಚಿದೆ. ಆಮೇಲೆ ಕಣ್ಣಿನ ಪೊರೆ ತೆಗೆಸಲಿ ಅಂದುಕೊಂಡೆ, ದಸರಾ ಕಳೆಯಲಿ ಅಂದುಕೊಂಡೆ. ಪೊರೆ ತೆಗೆಸಿಯಾಯಿತು, ದಸರಾ ಕೂಡ ಬಂದು ಹೋಯಿತು. ಹೆಂಡತಿಗೆ ಇದು ಗೊತ್ತಿಲ್ಲ. ಇಷ್ಟು ದಿನ ಮುಂದೂಡಿದ್ದಕ್ಕೆ ಹೆದರಿಕೆಯೊಂದೇ ಕಾರಣ.

ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಪೀಣ್ಯಕ್ಕೆ ಬಂದವನು. ಕೊನೆಯವರೆಗೂ ಮಾಡಿದ್ದು ಸಿಲಿಂಡರ್ ಕೆಲಸ. ಸಿಲಿಂಡರಿನೊಳಗೆ ನೀರು ತುಂಬಿ, ಒತ್ತಡ ಕೊಟ್ಟು, ಲೋಹ ಎಷ್ಟು ಉಬ್ಬುತ್ತದೆ, ಮತ್ತೆ ಎಷ್ಟು ಕುಗ್ಗುತ್ತದೆ ಎಂದು ನೋಡುವುದು. ವಾಲ್ವ್ ಬಿಚ್ಚಿ ತೊಳೆದು ಮತ್ತೆ ಕೂರಿಸುವುದು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಬೇರೊಂದು ಶೆಡ್ಡಿನಲ್ಲಿ, ತಲೆಗೆ ಎಣ್ಣೆ ಹಚ್ಚಿ ಬಂದವನೊಬ್ಬ ಅದೇ ಕೈಯಲ್ಲಿ ಆಕ್ಸಿಜನ್ ವಾಲ್ವ್ ಬಿಚ್ಚಿ ಕೂರಿಸಿದ. ಗ್ಯಾಸ್ ಬಿಟ್ಟ ಕೂಡಲೇ ಬೆಂಕಿ ಎದ್ದಿತು. ಯಾರೂ ಕಡ್ಡಿ ಗೀರಿರಲಿಲ್ಲ. ಒತ್ತಡದ ಆಕ್ಸಿಜನ್‌ಗೆ ಎಣ್ಣೆಯ ಪಸೆ ಇದ್ದರೆ ಸಾಕು, ಬೆಂಕಿ ತಾನೇ ಹುಟ್ಟುತ್ತದೆ. ಅವನನ್ನು ಆಟೋಕ್ಕೆ ಎತ್ತಿ ಹಾಕಿದವರಲ್ಲಿ ನಾನೂ ಒಬ್ಬ. ಅವನ ಅಂಗೈ ನೋಡಿದ ಮೇಲೆ ನಾನು ಕೆಲಸದ ದಿನ ತಲೆಗೆ ಎಣ್ಣೆ ಹಚ್ಚುವುದನ್ನೇ ಬಿಟ್ಟೆ. ನಮ್ಮ ಶೆಡ್ಡಿಗೆ ಯಾರೇ ಹೊಸಬರು ಬಂದರೂ ಮೊದಲ ದಿನವೇ ಹೇಳುತ್ತಿದ್ದೆ: ಎಣ್ಣೆ ಮುಟ್ಟಿದ ಕೈ ಆಕ್ಸಿಜನ್ ಸಾಮಾನು ಮುಟ್ಟಬಾರದು. ಕಸ ಗುಡಿಸಲು ಬಂದ ಹೆಂಗಸಿಗೂ ಹೇಳಿದ್ದೆ. ಆಕೆ ಯಾದಗಿರಿ ಕಡೆಯವಳು, ನಲವತ್ತು ದಾಟಿದವಳು, ರಾಜಗೋಪಾಲನಗರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದಳು. ನನ್ನನ್ನು ಕಾಕಾ ಎಂದು ಕರೆಯುತ್ತಿದ್ದಳು.

ಅಂಥ ಶೆಡ್ಡಿಗೆ ಒಂದು ದಿನ, ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಸಮುದ್ರದಲ್ಲಿ ಮುಳುಗುವವರು ಬಂದರು. ಒಬ್ಬರು ಮೇಡಂ, ಐವತ್ತರ ಆಸುಪಾಸು. ಜೊತೆಗೆ ಇಬ್ಬರು ಗಂಡಸರು. ಮೂವರೂ ವೈಟ್‌ಫೀಲ್ಡ್ ಕಡೆ ಕಂಪನಿಗಳಲ್ಲಿ ದುಡಿಯುವವರು. ಎರಡನೇ ಮಹಾಯುದ್ಧದ ಕಾಲದಲ್ಲಿ ಪೂರ್ವ ಕರಾವಳಿಯಾಚೆ ಮುಳುಗಿದ ಒಂದು ಸರಕು ಹಡಗನ್ನು ನೋಡಿಬರಲು ಎರಡು ವರ್ಷದಿಂದ ತಯಾರಿ ನಡೆಸಿದ್ದರು. ಅವರ ಸಿಲಿಂಡರುಗಳ ಪರೀಕ್ಷೆ, ವಾಲ್ವುಗಳ ಶುದ್ಧಿ ನನ್ನ ಪಾಲಿಗೆ ಬಂತು. ನನಗೋ ಕೆರೆಯ ಮೆಟ್ಟಿಲು ಇಳಿಯಲೂ ಭಯ. ಹಡಗಿನಿಂದ ಏನು ತರುತ್ತೀರಿ ಎಂದು ಕೇಳಿದೆ.

"ಏನೂ ತರೋ ಹಾಗಿಲ್ಲ ಅಂಕಲ್" ಎಂದರು ಮೇಡಂ. "ನೋಡ್ತೀವಿ, ಅಳತೆ ತಗೊಂಡು ಚಿತ್ರ ಬರೀತೀವಿ. ಆಫೀಸರ್‌ಗಳ ಹೆಸರು ಪಟ್ಟೀಲಿ ಸಿಕ್ತು. ಬಾಯ್ಲರ್‌ಗೆ ಕಲ್ಲಿದ್ದಲು ಹಾಕ್ತಿದ್ದೋರು ನಮ್ಮ ಕಡೆ ಜನ. ಅವರ ಹೆಸರು ಎಲ್ಲೂ ಇಲ್ಲ. ಅವರು ಇದ್ದ ಜಾಗನಾದ್ರೂ ನೋಡ್ಬೇಕು."

ಒಂದು ಭಾನುವಾರ ಅವರ ಯೋಜನೆಯ ಮೀಟಿಂಗಿಗೆ ನನ್ನನ್ನೂ ಕರೆದರು. ಮೆಜೆಸ್ಟಿಕ್‌ನಲ್ಲಿ ಮೆಟ್ರೋ ಬದಲಿಸಿ, ಊರಿನ ಈ ತುದಿಯಿಂದ ಆ ತುದಿಗೆ ಹೋದೆ. ಮೇಡಂ ಮನೆಯ ಹಾಲಿನಲ್ಲಿ ಸೋಫಾಗಳನ್ನು ಗೋಡೆಗೆ ಸರಿಸಿದ್ದರು. ಫ್ಯಾನಿನಿಂದ ನೆಲದವರೆಗೆ ಒಂದು ಹಗ್ಗ. ನೆಲದ ಮೇಲೆ ಹಡಗಿನ ಬದಲು ಲಟ್ಟಣಿಗೆ. ಹಗ್ಗದುದ್ದಕ್ಕೂ ಅಲ್ಲಲ್ಲಿ ಬಟ್ಟೆ ಕ್ಲಿಪ್ಪು ಸಿಕ್ಕಿಸಿದ್ದರು. ಮೇಲೆ ಬರುವಾಗ ಒಂದೊಂದು ಕ್ಲಿಪ್ಪಿನ ಹತ್ತಿರವೂ ಇಷ್ಟಿಷ್ಟು ನಿಮಿಷ ನಿಲ್ಲಬೇಕು. ಅವಸರಪಟ್ಟು ಬಂದರೆ ರಕ್ತದಲ್ಲಿ ಗುಳ್ಳೆ ಎದ್ದು ಜೀವಕ್ಕೇ ಕುತ್ತು.

"ಹಡಗು ನೋಡೋಕೆ ಇಪ್ಪತ್ತು ನಿಮಿಷ, ವಾಪಸ್ ಬರೋಕೆ ಎರಡು ಗಂಟೆ" ಎಂದರು ಮೇಡಂ.

"ಬೆಂಗಳೂರ್ ಟ್ರಾಫಿಕ್ ಇದ್ದಂಗೆ ಅಂಕಲ್" ಎಂದ ಇಬ್ಬರು ಗಂಡಸರಲ್ಲಿ ಗಡ್ಡದವನು. "ಆಫೀಸಲ್ಲಿ ಇಪ್ಪತ್ತು ನಿಮಿಷ, ಸಿಲ್ಕ್ ಬೋರ್ಡಲ್ಲಿ ಎರಡು ಗಂಟೆ."

ಎಲ್ಲರೂ ನಕ್ಕರು. ನಾನು ನಗಲಿಲ್ಲ. ತುತ್ತತುದಿಯ ಕ್ಲಿಪ್ಪಿನ ಹತ್ತಿರ ಬರೀ ಆಕ್ಸಿಜನ್ ಉಸಿರಾಡುತ್ತಾ ಮುಕ್ಕಾಲು ಗಂಟೆ ನೇತಾಡಬೇಕಂತೆ. ಆ ಆಕ್ಸಿಜನ್ ನನ್ನ ವಾಲ್ವಿನಿಂದ ಬರಬೇಕು.

"ಅಲ್ಲಿ ವಾಲ್ವ್ ಕೈಕೊಟ್ರೆ?" ಎಂದು ಕೇಳಿದೆ.

"ಅದಕ್ಕೇ ನಿಮ್ಮನ್ನ ಕರೆದಿರೋದು" ಎಂದರು ಮೇಡಂ.

ಟೀ ಕೊಡುವ ಮೊದಲು ಅವರಲ್ಲಿ ಒಂದು ಪದ್ಧತಿ. ಆ ವಾರ ತಯಾರಿಯಲ್ಲಿ ತಾನು ಮಾಡಿದ ಒಂದು ತಪ್ಪನ್ನು ಪ್ರತಿಯೊಬ್ಬರೂ ಬಾಯಿಬಿಟ್ಟು ಹೇಳಬೇಕು. ಯಾರ ತಪ್ಪು ಎಲ್ಲಕ್ಕಿಂತ ದೊಡ್ಡದೋ ಅವರಿಗೆ ಮೊದಲ ಕಪ್ಪು. ಗಡ್ಡದವನು ಬ್ಯಾಟರಿ ಚಾರ್ಜ್ ಮಾಡದೆ ಮಾಡಿದ್ದೇನೆಂದು ಬರೆದಿದ್ದನಂತೆ. ಇನ್ನೊಬ್ಬ ಗ್ಯಾಸಿನ ಲೆಕ್ಕದಲ್ಲಿ ಒಂದು ಸಾಲು ಬಿಟ್ಟಿದ್ದನಂತೆ. ಮೇಡಂ ತಮ್ಮದೂ ಹೇಳಿ ನನ್ನ ಕಡೆ ತಿರುಗಿದರು.

"ಹೇಳಿ ಅಂಕಲ್. ಇಲ್ಲಿ ತಪ್ಪು ಹೇಳಿದ್ರೆ ಯಾರೂ ಬೈಯಲ್ಲ. ಮುಚ್ಚಿಟ್ರೆ ಮಾತ್ರ ಬೈತೀವಿ."

"ನನ್ನ ಕಡೆಯಿಂದ ಏನೂ ಇಲ್ಲ ಮೇಡಂ" ಎಂದೆ. ಅಂದಿಗೆ ಅದು ನಿಜವಾಗಿತ್ತು. ಆದರೆ ಹೇಳಿದ ಧಾಟಿಯಲ್ಲಿ ಜಂಬವಿತ್ತು.

ಅವರ ಪ್ರಯಾಣ ಆಯುಧಪೂಜೆಯ ಮಗ್ಗುಲಿಗೇ ಬಂತು. ಸಮುದ್ರ ಶಾಂತವಾಗಿರುವ ನಾಲ್ಕೈದು ದಿನ ಸಿಗುವುದು ಆಗಲೇ ಎಂದು ಹಾಗೆ ಗೊತ್ತುಮಾಡಿದ್ದರು. ನಾನು ಎಂಟು ವಾಲ್ವುಗಳನ್ನು ಬಿಚ್ಚಿ, ಬಿಸಿ ಸೋಪು ನೀರಿನಲ್ಲಿ ತೊಳೆದು, ಒಣಗಿಸಿ, ಒಂದೊಂದನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟಿದ್ದೆ. ಪೀಣ್ಯದಲ್ಲಿ ಆಯುಧಪೂಜೆ ಅಂದರೆ ಗೊತ್ತಲ್ಲ. ಲೇತಿನಿಂದ ಹಿಡಿದು ಸ್ಕ್ರೂಡ್ರೈವರ್‌ವರೆಗೆ ಎಲ್ಲಕ್ಕೂ ಅರಿಶಿನ, ಕುಂಕುಮ, ಸೇವಂತಿಗೆ. ಆ ಹೆಂಗಸು ಬೆಳಿಗ್ಗೆ ಆರಕ್ಕೇ ಬಂದು ಶೆಡ್ ತೊಳೆದು ರಂಗೋಲಿ ಹಾಕಿದ್ದಳು. ಯಜಮಾನರು ಬರುವ ಹೊತ್ತಿಗೆ ನನ್ನ ಕೆಲಸ ಎಲ್ಲರ ಕಣ್ಣಿಗೆ ಬೀಳಲಿ ಎಂದು ಎಂಟೂ ವಾಲ್ವುಗಳನ್ನು ಚೀಲದಿಂದ ತೆಗೆದು ತಟ್ಟೆಯಲ್ಲಿ ಜೋಡಿಸಿದೆ. ಹೊಳೆಯುವ ಲೋಹದ ಮೇಲೆ ಒಣ ಕುಂಕುಮ ನಿಲ್ಲಲಿಲ್ಲ, ಉದುರಿತು. ಮಿಕ್ಕ ಯಂತ್ರಗಳಿಗೆಂದು ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಕುಂಕುಮದ ಬಟ್ಟಲು ಪಕ್ಕದಲ್ಲೇ ಇತ್ತು. ಅದರಲ್ಲಿ ಬೆರಳು ಅದ್ದಿದೆ.

"ಕಾಕಾ, ಅದಕ್ಕ ಎಣ್ಣಿ ಹಚ್ಚಬಾರದು ಅಂತ ನೀವ ಹೇಳಿದ್ರಲ್ರೀ?" ಎಂದಳು ಆಕೆ. ಕೈಯಲ್ಲಿ ಹೂವಿನ ಬುಟ್ಟಿ ಇತ್ತು.

"ದೇವರ ಕುಂಕುಮ ಕಣಮ್ಮ. ಹೊರಗಡೆ ತಾನೇ ಇಡ್ತಿರೋದು. ನಂಗೇ ಪಾಠ ಹೇಳ್ತೀಯಾ?"

"ಪಾಠ ಎಲ್ಲಿಂದ ಹೇಳ್ಲಿ ಕಾಕಾ, ನೀವ ಹೇಳಿದ್ದ ಹೇಳೀನಿ" ಎಂದು ನಕ್ಕು ಹೂವು ಇಡಲು ಹೋದಳು.

ಹಬ್ಬ ಮುಗಿದು ಶೆಡ್ ತೆರೆದ ದಿನ ಬೀದಿಯಲ್ಲಿನ್ನೂ ಒಡೆದ ಬೂದುಗುಂಬಳದ ಚೂರುಗಳು ಕೊಳೆಯುತ್ತಾ ಬಿದ್ದಿದ್ದವು. ಹನ್ನೊಂದಕ್ಕೆ ಅವರ ವ್ಯಾನ್ ಬರುವುದಿತ್ತು. ವಾಲ್ವುಗಳನ್ನು ಮತ್ತೆ ತೊಳೆದು ಒಣಗಿಸಲು ಅರ್ಧ ದಿನವಾದರೂ ಬೇಕು. ಹೊರಗೆ ಮಾತ್ರ ತಾನೇ ಎಂದು ಬಟ್ಟೆಯಲ್ಲಿ ಒರೆಸಿದೆ, ರಬ್ಬರ್ ರಿಂಗ್ ಕೂರಿಸಿದೆ, ಎಂಟನ್ನೂ ಸಿಲಿಂಡರಿಗೆ ತಿರುಗಿಸಿ ಬಿಗಿದೆ. ವ್ಯಾನ್ ಬಂತು, ಹೋಯಿತು. ಮೇಡಂ ಕಿಟಕಿಯಿಂದ ಕೈ ಬೀಸಿದರು.

ಮಧ್ಯಾಹ್ನ ಡಬ್ಬಿ ಬಿಚ್ಚಿ ಮೊಸರನ್ನಕ್ಕೆ ಕೈ ಹಾಕಿದೆ. ಬಿಳಿ ಅನ್ನದಲ್ಲಿ ಒಂದು ಕೆಂಪು ಗೀಟು ಎದ್ದಿತು. ಸೋಪು ಹಾಕಿ ತೊಳೆದುಕೊಂಡ ಕೈ ಅದು. ಬೆಳಿಗ್ಗೆ ಒರೆಸುವಾಗ ಹತ್ತಿದ ಕುಂಕುಮ ಉಗುರಿನ ಸಂದಿಯಲ್ಲಿ ಹಾಗೇ ಕೂತಿತ್ತು, ಎಣ್ಣೆಯ ಸಮೇತ. ಅದೇ ಬೆರಳಿನಲ್ಲಿ ರಬ್ಬರ್ ರಿಂಗುಗಳನ್ನು ಒತ್ತಿ ಕೂರಿಸಿದ್ದೆ. ಅದೇ ಬೆರಳನ್ನು ವಾಲ್ವಿನ ಬಾಯೊಳಗೆ ಹಾಕಿ ಕಸವಿದೆಯೇ ಎಂದು ತಿರುಗಿಸಿ ನೋಡಿದ್ದೆ.

ಡಬ್ಬಿ ಮುಚ್ಚಿಟ್ಟೆ.

ಅವರ ಯೋಜನೆಯ ಹಾಳೆಯ ಒಂದು ಪ್ರತಿಯನ್ನು ನನ್ನ ಬೆಂಚಿನ ಮೇಲಿನ ಗೋಡೆಗೆ ಅಂಟಿಸಿದ್ದೆ. ಮಾರನೆಯ ದಿನ ಬೆಳಿಗ್ಗೆ ಹತ್ತು ಗಂಟೆ: ದಡದಲ್ಲಿ ಆಕ್ಸಿಜನ್ ತುಂಬುವುದು. ಎದುರಿಗೆ ಮೇಡಂ ಹೆಸರು. ಅವರೇ ಬಗ್ಗಿ, ಅವರ ಕೈಯಿಂದಲೇ ವಾಲ್ವ್ ತೆರೆಯುವವರು. ಆಟೋದಲ್ಲಿ ನೋಡಿದ ಅಂಗೈ ನೆನಪಾಯಿತು. ಆ ಅಂಗೈ ಇದ್ದ ಜಾಗದಲ್ಲಿ ಮೇಡಂ ಮುಖ ಕಾಣತೊಡಗಿತು.

ಆಗಲೇ ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ನಂಬರ್ ಒತ್ತುವುದು, ರಿಂಗ್ ಆಗುವ ಮೊದಲೇ ಕತ್ತರಿಸುವುದು. ಏನೂ ಆಗಲಿಕ್ಕಿಲ್ಲ, ಒಂದು ಉಗುರಿನಷ್ಟು ಎಣ್ಣೆ ಎಂದುಕೊಂಡೆ. ಆದರೆ ಉಗುರಿನಷ್ಟು ಸಾಕೆಂದು ಎಲ್ಲರಿಗೂ ಹೇಳುತ್ತಾ ಬಂದವನು ನಾನೇ. ಪೊಲೀಸರು ಬರುತ್ತಾರೆ ಅನ್ನಿಸಿತು. ಇಡೀ ಪೀಣ್ಯದಲ್ಲಿ ಆಕ್ಸಿಜನ್ ಸಾಮಾನೆಂದರೆ ನನ್ನ ಹೆಸರು ಹೇಳುತ್ತಿದ್ದರು, ಇನ್ನು ಮೇಲೆ ಬೇರೆ ಕಾರಣಕ್ಕೆ ಹೇಳುತ್ತಾರೆ ಅನ್ನಿಸಿತು. ಮನೆಗೆ ಹೋದೆ, ಮಲಗಿದೆ, ಎದ್ದೆ. ಬೆಳಿಗ್ಗೆ ಶೆಡ್ಡಿಗೆ ಬಂದು ಗೋಡೆ ಗಡಿಯಾರದ ಕೆಳಗೆ ನಿಂತೆ. ಒಂಬತ್ತೂಕಾಲು. ಒಂಬತ್ತೂವರೆ. ಆಕೆ ನನ್ನ ಕಾಲ ಸುತ್ತ ಗುಡಿಸುತ್ತಾ "ಯಾಕ್ ಕಾಕಾ, ಮೈಯಾಗ ಆರಾಮಿಲ್ಲೇನು? ಬೆವತೀರಲ್ಲ?" ಎಂದಳು. ಒಂಬತ್ತು ನಲವತ್ತಕ್ಕೆ ಹೊರಗೆ ಹೋಗಿ ಫೋನ್ ಮಾಡಿದೆ.

ಮೇಡಂ ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಲಿಲ್ಲ. ಮೂರನೇ ಸಲ ಗಾಳಿಯ ಸದ್ದಿನ ನಡುವೆ ದನಿ ಕೇಳಿತು.

"ಹೇಳಿ ಅಂಕಲ್, ಈಗ ತುಂಬೋಕೆ ಶುರು ಮಾಡ್ತಿದ್ವಿ."

"ಬೇಡ ಮೇಡಂ! ಮುಟ್ಬೇಡಿ! ವಾಲ್ವಲ್ಲಿ ಎಣ್ಣೆ ಇದೆ!"

"ಎಣ್ಣೆನಾ? ಹೇಗೆ?"

ಅವರ ಪ್ರಾಣ ಉಳಿದಿತ್ತು. ಇನ್ನು ನನ್ನ ಬಗ್ಗೆ ಯೋಚಿಸುವಷ್ಟು ಹೊತ್ತು ನನಗೆ ಸಿಕ್ಕಿತು.

"ನಮ್ಮ ಶೆಡ್ಡಲ್ಲಿ ಕಸ ಗುಡಿಸೋ ಹೆಂಗಸು ಮೇಡಂ. ಪೂಜೆಗೆ ಅಂತ ಎಣ್ಣೆ ಕುಂಕುಮ ಇಟ್ಬಿಟ್ಟಿದ್ದಾಳೆ. ನಂಗೆ ಈಗ ಗೊತ್ತಾಯ್ತು."

ಅವರು ವಾಲ್ವ್ ಬಿಚ್ಚಿ ನೋಡಿದರು. ಎಂಟರಲ್ಲಿ ಮೂರರ ಒಳಗೆ ಕೆಂಪು ಇತ್ತಂತೆ. ಅಲ್ಲಿ ಸರಿಯಾಗಿ ತೊಳೆಯಲು ಅನುಕೂಲವಿರಲಿಲ್ಲ, ಅಷ್ಟರಲ್ಲಿ ಸಮುದ್ರವೂ ಕೆಟ್ಟಿತು. ಎರಡು ವರ್ಷದ ಯೋಜನೆ ಮಡಿಚಿ ವಾಪಸ್ ಬಂದರು. ಮೇಡಂ ನಮ್ಮ ಯಜಮಾನರಿಗೆ ಫೋನ್ ಮಾಡಿ ನನ್ನನ್ನು ಹೊಗಳಿದರು. ಯಜಮಾನರು ಆಕೆಯನ್ನು ಕರೆದರು.

"ಯಾರಮ್ಮ ನಿಂಗೆ ಅದನ್ನ ಮುಟ್ಟೋಕೆ ಹೇಳಿದ್ದು? ಮೂರು ಜನ ಸತ್ತೋಗ್ತಿದ್ರು!"

"ನಾ ಮುಟ್ಟಿಲ್ರೀ ಸಾವಕಾರ್ರ" ಎಂದು ನನ್ನತ್ತ ತಿರುಗಿದಳು. "ಕಾಕಾ, ನೀವರೆ ಹೇಳ್ರಿ."

ನಾನು ಬಗ್ಗಿ ಒತ್ತಡದ ಮೀಟರ್ ನೋಡುತ್ತಿದ್ದೆ. ಯಂತ್ರ ಆಫ್ ಆಗಿತ್ತು. ಮುಳ್ಳು ಸೊನ್ನೆಯ ಮೇಲೆ ನಿಂತಿತ್ತು. ಅದನ್ನೇ ನೋಡುತ್ತಾ ನಿಂತೆ. ಆಕೆ ಇನ್ನೊಂದು ಸಲ ಕೇಳಲಿಲ್ಲ. ಪೊರಕೆಯನ್ನು ಯಾವಾಗಲೂ ಇಡುವ ಮೂಲೆಯಲ್ಲಿಟ್ಟು, ಬುತ್ತಿ ಚೀಲ ತೆಗೆದುಕೊಂಡು ಹೋದಳು. ಮತ್ತೆ ಕೆಲಸಕ್ಕೆ ಬರಲಿಲ್ಲ.

ಮುಂದಿನ ಮೀಟಿಂಗಿನಲ್ಲಿ, ಶೆಡ್ಡಿನ ತಪ್ಪನ್ನು ಮುಚ್ಚಿಡದೆ ಹೇಳಿದೆನೆಂದು, ಮೊದಲ ಕಪ್ಪು ಟೀ ನನಗೆ ಬಂತು. ಹಗ್ಗ, ಕ್ಲಿಪ್ಪು, ಲಟ್ಟಣಿಗೆ ಎಲ್ಲ ಹಾಗೇ ಇದ್ದವು.

"ಅಂಕಲ್ ಫೋನ್ ಮಾಡಿರ್ಲಿಲ್ಲ ಅಂದಿದ್ರೆ ಇವತ್ತು ಈ ಮುಖ ಇರ್ತಿರ್ಲಿಲ್ಲ" ಎಂದರು ಮೇಡಂ. ಆಮೇಲೆ ಕೇಳಿದರು: "ಆ ಅಮ್ಮ ಹೇಗಿದ್ದಾರೆ? ಯಾರೂ ಬೈಲಿಲ್ಲ ತಾನೇ?"

"ಇಲ್ಲ ಮೇಡಂ. ಕೆಲಸ ಮಾಡ್ಕೊಂಡಿದ್ದಾರೆ" ಎಂದೆ. ಟೀ ಪೂರ್ತಿ ಕುಡಿದೆ.

ಮರುವರ್ಷ ಅವರು ಮತ್ತೆ ಹೊರಟರು. ಆ ಸಲ ಹೋಗಿ ಹಡಗು ನೋಡಿ ಬಂದರು. ಬಾಯ್ಲರ್ ಕೋಣೆಯ ಚಿತ್ರ ತೋರಿಸುವಾಗ ನನಗೆ ತಡೆಯಲಾಗಲಿಲ್ಲ, ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಮೇಡಂ ಚಿತ್ರವನ್ನು ಮಡಿಚಿಟ್ಟರು.

"ಅಂಕಲ್, ಇದನ್ನ ಹೇಳ್ಬೇಕಾಗಿದ್ದು ನನಗಲ್ಲ" ಎಂದರು. ಅಂದು ಯಾರಿಗೂ ಟೀ ಬರಲಿಲ್ಲ. ಯಜಮಾನರಿಗೂ ಹೇಳಿದೆ. ಅವರು "ಹೋಗ್ಲಿ ಬಿಡಣ್ಣ, ಹಳೇದು" ಎಂದರು. ಆ ಮಾತಿನಿಂದ ನನಗೆ ಸಮಾಧಾನವಾಯಿತು ಎಂಬುದನ್ನೂ ಇಲ್ಲಿ ಬರೆಯಬೇಕು.

ಆಕೆ ಎಲ್ಲಿಗೋ ಹೋಗಿಬಿಟ್ಟಳು, ಹುಡುಕುವುದು ಹೇಗೆ ಎಂದು ಇಷ್ಟು ದಿನ ಹೇಳಿಕೊಳ್ಳುತ್ತಿದ್ದೆ. ಹೋದ ತಿಂಗಳು ಮೆಟ್ರೋ ನಿಲ್ದಾಣದ ಮೆಟ್ಟಿಲು ಹತ್ತುವಾಗ ಮೇಲೆ ಯಾರೋ ಒರೆಸುತ್ತಿದ್ದರು. ಮೈಮೇಲೆ ಸಮವಸ್ತ್ರ, ಕೂದಲು ಅರ್ಧ ಬೆಳ್ಳಗಾಗಿತ್ತು. ಒದ್ದೆ ಮೆಟ್ಟಿಲಿನಲ್ಲಿ ಜಾರದಿರಲಿ ಎಂದು ಒಬ್ಬ ಮುದುಕಿಯ ಕೈ ಹಿಡಿದು "ಸಾವಕಾಶ ಬರ್ರಿ ಅವ್ವಾ" ಎನ್ನುತ್ತಿದ್ದಳು. ದನಿಯಿಂದ ಗೊತ್ತಾಯಿತು. ನಡುವೆ ಹತ್ತು ಮೆಟ್ಟಿಲೂ ಇರಲಿಲ್ಲ. ತಿರುಗಿ ಇಳಿದು, ರಸ್ತೆ ದಾಟಿ, ಆ ಕಡೆಯ ಮೆಟ್ಟಿಲು ಹತ್ತಿದೆ. ಅದಾದ ಮೇಲೆ ಹೋದಾಗಲೆಲ್ಲ ಆ ಕಡೆಯಿಂದಲೇ ಹತ್ತುತ್ತೇನೆ.

ಮೇಡಂಗೆ ಹೇಳಿದೆ, ಯಜಮಾನರಿಗೆ ಹೇಳಿದೆ, ಈಗ ಓದುವವರಿಗೂ ಹೇಳಿದೆ. ಕ್ಷಮಿಸು ಎಂದು ಇನ್ನೂ ಕೇಳದೆ ಉಳಿದಿರುವುದು ಒಬ್ಬರನ್ನು: ನಾನೇ ಕಲಿಸಿದ್ದನ್ನು ನನಗೆ ನೆನಪಿಸಿದ, ನಮ್ಮ ಶೆಡ್ಡಿನಲ್ಲಿ ಕಸ ಗುಡಿಸುತ್ತಿದ್ದ, ನನ್ನನ್ನು ಕಾಕಾ ಎಂದು ಕರೆಯುತ್ತಿದ್ದ ಯಾದಗಿರಿ ಕಡೆಯ ಆ ಹೆಣ್ಣುಮಗಳನ್ನು.