ನೀರಕ್ಕನ ತೂಕ

ನನ್ನ ಓರಗಿತ್ತಿಯನ್ನು ಎಲ್ಲರೂ ನೀರಕ್ಕ ಎನ್ನುತ್ತಾರೆ. ಕಾಲುವೆಯ ನೀರನ್ನು ಸರದಿಯಂತೆ ಗದ್ದೆಗಳಿಗೆ ಬಿಡುವ ಕೆಲಸ ಅವಳದು. ಮೊದಲು ಅದನ್ನು ಅವಳ ಗಂಡ, ಅಂದರೆ ನನ್ನ ಮೈದುನ, ಮಾಡುತ್ತಿದ್ದ. ಅವನು ತೀರಿಕೊಂಡ ಮೇಲೆ ಇವಳು ಗುದ್ದಲಿ ಹೆಗಲಿಗೇರಿಸಿದಳು. ಯಾರೂ ಅಡ್ಡ ಬರಲಿಲ್ಲ. ಕೂಲಿ ಅಷ್ಟು ಕಡಿಮೆ.

ಗದ್ದೆಗೆ ನೀರು ಸಾಕಾಯಿತೋ ಇಲ್ಲವೋ ಎಂದು ನೋಡಲು ನಮ್ಮಲ್ಲಿ ಗಡಿಯಾರವಿಲ್ಲ. ನೀರು ಬಿಡುವವರು ಗದ್ದೆಯ ನಡುವೆ ನಿಲ್ಲಬೇಕು. ಪಾದ ಕೆಸರಿನಲ್ಲಿ ಪೂರ್ತಿ ಹೂತರೆ ಸಾಕು ಎಂದರ್ಥ. ಆಗ ನೀರನ್ನು ಮುಂದಿನ ಗದ್ದೆಗೆ ತಿರುಗಿಸಬೇಕು.

ಮೈದುನ ಕಡ್ಡಿಯಂತಿದ್ದ. ಅವನ ಕಾಲು ಹೂಳುವಷ್ಟರಲ್ಲಿ ಮೇಲಿನ ಗದ್ದೆಗಳು ಕುಡಿದು ತೇಗುತ್ತಿದ್ದವು. ಕಾಲುವೆಯ ಕೊನೆಯಲ್ಲಿದ್ದ ನಮಗೆ ಹಸಿ ಮಣ್ಣಿನ ವಾಸನೆಯಷ್ಟೇ ಸಿಗುತ್ತಿತ್ತು. ನೀರಕ್ಕ ಹಾಗಲ್ಲ, ಅವಳು ಬೆಂಚಿನ ಮೇಲೆ ಕೂತರೆ ಆ ತುದಿಯವರು ಮೇಲೇಳುತ್ತಾರೆ. ಅವಳು ಕಾಲಿಟ್ಟಳೋ ಇಲ್ಲವೋ, ಹೂತಿತು. "ಸಾಕು" ಎಂದು ಮುಂದಕ್ಕೆ ಹೋಗುವಳು. ಆ ವರ್ಷ ನಮ್ಮ ಗದ್ದೆಯಲ್ಲೂ ಕಪ್ಪೆ ಕೂಗಿತು. ಕೊನೆಯ ಗದ್ದೆಗಳವರು ಅಂಗಡಿಯಿಂದ ಅಕ್ಕಿ ತರುವುದನ್ನು ಬಿಟ್ಟರು.

ಮೇಲಿನ ಗದ್ದೆಗಳ ಯಜಮಾನ ಸಭೆ ಕರೆದ.

"ನೀರಕ್ಕನ ಮೇಲೆ ನನಗೇನೂ ಸಿಟ್ಟಿಲ್ಲ. ಆದ್ರೆ ಅವರ ಮೈ ನಮಗೆ ದುಬಾರಿ ಆಗ್ತಿದೆ. ಈ ಕೆಲಸಕ್ಕೆ ತೆಳ್ಳಗಿರೋರು ಬೇಕು. ನಮ್ಮ ದರ್ಜಿ ಇದಾನಲ್ಲ."

ದರ್ಜಿ ಎದ್ದು ನಿಂತ. ಎದ್ದದ್ದು ಹಿಂದೆ ಕೂತವರಿಗೆ ಗೊತ್ತಾಗಲಿಲ್ಲ.

"ಅವನನ್ನ ಕೆಸರಲ್ಲಿ ನಿಲ್ಸಿದ್ರೆ ತೇಲ್ತಾನೆ ಕಣ್ರೀ," ಎಂದಳು ಹಾಲು ಮಾರುವವಳು. ಅವಳ ಗದ್ದೆಯೂ ಕೊನೆಯಲ್ಲೇ ಇದೆ. "ಕಾಲುವೆ ಖಾಲಿ ಆಗೋವರೆಗೂ ನಿಮ್ಮ ಗದ್ದೇಲೇ ಇರ್ತಾನೆ."

"ಪದ್ಧತಿ ಅಂದ್ರೆ ಪದ್ಧತಿ ಕಣಮ್ಮ."

"ಪದ್ಧತೀಲಿ ಕಾಲು ಅಂತಿದೆ ಯಜಮಾನ್ರೇ, ಕಡ್ಡಿ ಅಂತಿಲ್ಲ."

ಮನೆಗೊಬ್ಬರಂತೆ ಕೈ ಎತ್ತಿಸಿದರು. ಮೇಲೆ ಗದ್ದೆ ಹೆಚ್ಚು, ಕೆಳಗೆ ಮನೆ ಹೆಚ್ಚು. ನೀರಕ್ಕನ ಕೆಲಸ ಉಳಿಯಿತು.

ಯಜಮಾನ ಸೋತವನಂತೆ ಕಾಣಲಿಲ್ಲ. ನೀರಕ್ಕನ ಹತ್ತಿರ ಬಂದು ವಿಚಾರಿಸಿಕೊಂಡ. "ಮಂಡಿ ನೋವಂತೆ? ತೂಕ ಇಳಿಸಿ ಅಂತ ಡಾಕ್ಟರು ಹೇಳಿದ್ರಂತೆ? ಒಂದು ಹೊತ್ತು ಊಟ ಬಿಡಿ ಅಕ್ಕ. ಆರೋಗ್ಯ ಮುಖ್ಯ."

ಡಾಕ್ಟರು ಹೇಳಿದ್ದು ನಿಜ. ಆ ಮಂಡಿಗಳಿಗೆ ದಿನಾ ಎಣ್ಣೆ ತಿಕ್ಕುವವಳು ನಾನೇ. ಯಜಮಾನನ ಕಾಳಜಿ ಹಾಲು ಮಾರುವವಳ ಕಿವಿಗೂ ಬಿತ್ತು.

ಮರುದಿನ ಬೆಳಗ್ಗೆ ಕೊನೆಯ ಗದ್ದೆಗಳ ಮನೆಗಳಿಂದ ಊಟದ ಡಬ್ಬಿಗಳು ಬಂದವು. ಎಲ್ಲದರಲ್ಲೂ ತುಪ್ಪ ಜಾಸ್ತಿ.

"ಬೇಡ ಅಂದ್ಬಿಡು," ಎಂದೆ. "ನಮ್ಮ ಗದ್ದೆ ಒಣಗಿದ್ರೆ ಒಣಗ್ಲಿ. ನಿನ್ನ ಮಂಡಿ ಹೋದ್ರೆ ಯಾರು ತಂದ್ಕೊಡ್ತಾರೆ?"

"ಸುಮ್ನಿರಕ್ಕ. ಈ ಮೈಯಿಂದ ನಾಲ್ಕು ಜನಕ್ಕೆ ಉಪಯೋಗ ಆಗಿರೋದು ಇದೇ ಮೊದಲು."

ಉಂಡಳು. ನನ್ನ ಹೆಗಲು ಹಿಡಿದು ಎದ್ದಳು, ಕಾಲುವೆ ಮುಟ್ಟುವವರೆಗೂ ಬಿಡಲಿಲ್ಲ. ನಾಳೆಯಿಂದ ನನಗೊಂದು ಊರುಗೋಲು ಬೇಕು.